ಮೊದಲು ದುಡಿಮೆ ಹಂಚಿಕೊಳ್ಳಿ

ಆಲ್ದೂರು ಸುತ್ತಿನ ಊರುಗಳ ನನ್ನ ಮಕ್ಕಳೇ,

ಪಾಳು ಬಿದ್ದ ಗದ್ದೆಯೊಂದನ್ನು ಹಿಡಿದು ಹತ್ತು ಮನೆಯವರು ಸೇರಿ ತರಕಾರಿ ಬೆಳೆಯಬೇಕು ಅಂತ ನೀವು ಮಾತಾಡಿಕೊಳ್ಳುತ್ತಿರುವುದು ನನ್ನ ಕಿವಿಗೂ ಬಿತ್ತು. ಸಂತೋಷವಾಯಿತು. ಕಾಫಿ, ಮೆಣಸು, ಅಡಿಕೆ ಬೆಳೆದು ದೂರದ ದೇಶಕ್ಕೆ ಕಳಿಸುವ ನಾವು ಒಂದು ಹಿಡಿ ಸೊಪ್ಪಿಗೆ ಬಯಲುಸೀಮೆಯಿಂದ ಬರುವ ಗಾಡಿ ಕಾಯುವಂತಾಗಿದೆ. ಇಂಥ ಹೊತ್ತಿನಲ್ಲಿ ಈ ಯೋಚನೆ ಬಂದದ್ದೇ ದೊಡ್ಡದು.

ಯಾವ ಬೀಜ ಹಾಕಬೇಕು, ಗೊಬ್ಬರ ಎಷ್ಟು ಬೇಕು, ಬೆಳೆದದ್ದನ್ನು ಹೇಗೆ ಪಾಲು ಮಾಡಬೇಕು ಎಂದು ನಿಮ್ಮಲ್ಲಿ ಹಲವರು ಕೇಳಿದಿರಿ. ಕೆಲಸವನ್ನು ಹೇಗೆ ಪಾಲು ಮಾಡಬೇಕು ಎಂದು ಒಬ್ಬರೂ ಕೇಳಲಿಲ್ಲ. ನಾನು ಮುಖ್ಯವಾಗಿ ಹೇಳಬೇಕಾದದ್ದು ಅದನ್ನೇ. ಕೂಡುಬೇಸಾಯದಲ್ಲಿ ಮನಸ್ಸು ಮುರಿಯುವುದು ಮಳೆ ಹೊಯ್ಯುವಾಗ, ಕಳೆ ಎದ್ದು ನಿಂತಾಗ, ಇಬ್ಬರು ಬಂದು ಎಂಟು ಮಂದಿ ಬಾರದೆ ಇದ್ದ ಬೆಳಗ್ಗೆ. ಬುಟ್ಟಿಯ ಮುಂದೆ ಆಗುವ ಜಗಳ ಆ ಬೆಳಗಿನದೇ. ಸೌತೆಕಾಯಿ ಬರಿಯ ನೆಪ. ಕೆಲಸದ ಲೆಕ್ಕ ಸರಿಯಿದ್ದರೆ ಕಾಯಿಯ ಲೆಕ್ಕ ತಾನಾಗಿ ಸರಿಹೋಗುತ್ತದೆ.

ನಮ್ಮ ಮಲೆನಾಡಿಗೆ ಕೂಡಿ ದುಡಿಯುವುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಗದ್ದೆಗಳೆಲ್ಲ ಗದ್ದೆಗಳಾಗಿಯೇ ಇದ್ದಾಗ ನಾಟಿ ಎಂದರೆ ಮುಯ್ಯಾಳು. ಪುನರ್ವಸು, ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ಎಲ್ಲರ ಮನೆಯ ಅಗೆಯೂ ಒಟ್ಟಿಗೇ ಕೀಳುವ ಹದಕ್ಕೆ ಬರುತ್ತದೆ. ಒಂದು ಮನೆಯ ನಾಲ್ಕು ಜನ ತಮ್ಮ ಗದ್ದೆಯನ್ನು ತಾವೇ ನೆಡುತ್ತ ಕೂತರೆ ಕೊನೆಯ ಮಡಿ ಮುಟ್ಟುವಾಗ ಅಗೆ ಬಲಿತು ಹೋಗಿರುತ್ತದೆ. ಬಲಿತ ಅಗೆ ತೆಂಡೆ ಒಡೆಯುವುದು ಕಡಿಮೆ, ಭತ್ತವೂ ಕಡಿಮೆ. ಹಾಗಾಗಿ ಇವತ್ತು ನಮ್ಮ ಗದ್ದೆಗೆ ನೀವು, ನಾಡಿದ್ದು ನಿಮ್ಮ ಗದ್ದೆಗೆ ನಾವು. ಗಂಡಸರು ಉಳುವುದು, ಅಂಚು ಕಡಿಯುವುದು, ಅಗೆಯ ಕಟ್ಟು ಹೊರುವುದು. ಹೆಂಗಸರು ಗೊರಬು ಹೊದ್ದು ಅಗೆ ಕೀಳುವುದು, ನೆಡುವುದು. ಆಳು ಬೇಕಾದ ಮನೆಯವರು ಹಿಂದಿನ ದಿನವೇ ಬಂದು ಹೇಳಿಹೋಗಬೇಕು. ಊಟ, ಕಾಫಿ ಗದ್ದೆಯವರದು. ಸಾಲಿನಲ್ಲಿ ಬಗ್ಗಿ ನಿಂತವರು ಹಾಡು ಹೇಳುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದರು. ಹಾಡಿನ ಓಟಕ್ಕೆ ಕೈಯೂ ಓಡುತ್ತಿತ್ತು, ಹಿಂದೆ ಬಿದ್ದವಳನ್ನು ಹಾಡೇ ಎಳೆದುಕೊಂಡು ಹೋಗುತ್ತಿತ್ತು.

ಆ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಹೆಂಗಸರ ನೆನಪಿನಲ್ಲಿ ಅದು ಇರುತ್ತಿತ್ತು: ಯಾರ ಮನೆಯಿಂದ ಎಷ್ಟು ಜನ ಬಂದರು, ಎಷ್ಟು ಹೊತ್ತಿಗೆ ಬಂದರು, ನಾವು ಎಷ್ಟು ತಿರುಗಿಸಬೇಕು. ಎತ್ತು ಕಟ್ಟಿಕೊಂಡು ಬಂದವರ ದಿನಕ್ಕೆ ಬರಿಗೈಯಲ್ಲಿ ಬಂದವರ ದಿನಕ್ಕಿಂತ ಹೆಚ್ಚು ಬೆಲೆ. ಆಳು ಪಡೆದು ತಿರುಗಿಸದೆ ಉಳಿದವನಿಗೆ ಯಾರೂ ಬೈಯುತ್ತಿರಲಿಲ್ಲ, ಪಂಚಾಯಿತಿಯನ್ನೂ ಸೇರಿಸುತ್ತಿರಲಿಲ್ಲ. ಮುಂದಿನ ವರ್ಷ ಅವನ ಗದ್ದೆಗೆ ಎಲ್ಲರೂ ಕೊನೆಗೆ ಹೋಗುತ್ತಿದ್ದರು, ಅಷ್ಟೇ. ನಾಟಿ ತಡವಾದರೆ ಏನಾಗುತ್ತದೆ ಎಂಬುದು ಅವನಿಗೂ ಗೊತ್ತಿರುವ ವಿಷಯ. ಮನೆಯಲ್ಲಿ ಸಾವಾದವರ, ಕಾಯಿಲೆ ಬಿದ್ದವರ ಗದ್ದೆಗೆ ಮಾತ್ರ ಈ ಲೆಕ್ಕವಿಲ್ಲ. ಅಲ್ಲಿಗೆ ಹೋಗಿ ನೆಟ್ಟು ಬರುವುದೇ, ತಿರುಗಿ ಕೇಳುವ ಮಾತಿಲ್ಲ.

ಇದು ಅಷ್ಟು ಕಾಲ ಹೇಗೆ ನಡೆಯಿತು ಎಂದು ನಾನು ಬಹಳ ಯೋಚಿಸಿದ್ದೇನೆ. ನಮ್ಮ ಹಿರಿಯರೇನು ದೇವರಂಥವರಲ್ಲ. ಬೇಲಿಯ ಒಂದು ಗೂಟಕ್ಕೆ ಕೋರ್ಟು ಹತ್ತಿದವರು ಅವರಲ್ಲೂ ಇದ್ದರು. ಆದರೂ ಮುಯ್ಯಾಳು ನಡೆದದ್ದಕ್ಕೆ ಕಾರಣಗಳಿವೆ. ಕೊಟ್ಟ ದಿನ ಅದೇ ಹಂಗಾಮಿನಲ್ಲಿ, ಅದೇ ಬಗೆಯ ಕೆಲಸವಾಗಿ ತಿರುಗಿ ಬರುತ್ತಿತ್ತು. ಮುಂದೆ ಯಾವತ್ತೋ ನೋಡೋಣ ಎಂಬುದಿರಲಿಲ್ಲ. ಇವತ್ತು ಕೆಸರಿನಲ್ಲಿ ಬಗ್ಗಿದವಳು ನಾಡಿದ್ದು ತನ್ನ ಗದ್ದೆಯ ಯಜಮಾನಿ. ಹೇಳಿಸಿಕೊಳ್ಳುವುದೂ ಹೇಳುವುದೂ ಸರದಿಯ ಮೇಲೆ ಬರುವುದರಿಂದ ಮಾತು ಬಿರುಸಾಗುತ್ತಿರಲಿಲ್ಲ. ಕೆಲಸ ಎಲ್ಲರ ಕಣ್ಣೆದುರಿಗೇ ನಡೆಯುತ್ತಿತ್ತು. ಸಾಲಿನಲ್ಲಿ ನಿಂತ ಮೇಲೆ ಯಾರು ನೆಟ್ಟರು, ಯಾರು ಸೊಂಟ ಹಿಡಿದು ನಿಂತರು ಎಂಬುದನ್ನು ಮುಚ್ಚಿಡಲಾಗದು.

ಆದರೆ ಮುಯ್ಯಾಳನ್ನು ಹೊಗಳಿ ಅಲ್ಲಿಗೇ ಬಿಟ್ಟರೆ ನಿಮಗೆ ಅರ್ಧ ಹೇಳಿದಂತೆ. ಅದು ಗದ್ದೆ ಇದ್ದವರ ನಡುವಿನ ಏರ್ಪಾಡು. ಗದ್ದೆಯೇ ಇಲ್ಲದವರಿಗೆ ತಿರುಗಿ ಪಡೆಯಲು ಏನೂ ಇರಲಿಲ್ಲ, ಅವರು ಕೂಲಿಗೋ ಭತ್ತಕ್ಕೋ ದುಡಿದು ಹೋದರು. ಒಂದೇ ಕೆಸರಿನಲ್ಲಿ ಒಟ್ಟಿಗೆ ನೆಟ್ಟವರು ಊಟಕ್ಕೆ ಬೇರೆ ಬೇರೆ ಕಡೆ ಕೂತರು. ಕೆಲವರಿಗೆ ಜಗಲಿ, ಕೆಲವರಿಗೆ ಅಂಗಳದ ಅಂಚು. ಇದನ್ನು ನಾವು ಕಣ್ಣಾರೆ ಕಂಡ ತಲೆಮಾರಿನವರು. ನಿಮ್ಮ ತೋಟಕ್ಕೆ ಮುಯ್ಯಾಳಿನ ಲೆಕ್ಕ ಬರಲಿ, ಆ ಪಂಕ್ತಿಭೇದ ಬರುವುದು ಬೇಡ. ಭೂಮಿ ಎಲ್ಲರಿಗೂ ಸೇರಿದ್ದಾದರೆ ಗದ್ದೆಯಿಲ್ಲದವನ ದುಡಿಮೆಗೂ ತಿರುಗಿ ಬರುವುದು ಒಂದಿರುತ್ತದೆ, ಬೆಳೆ. ಹಳೆಯ ಮುಯ್ಯಾಳಿಗೆ ಆಗದ ಕೆಲಸವನ್ನು ಕೂಡುತೋಟ ಮಾಡಬಲ್ಲದು. ನನಗೆ ನಿಮ್ಮ ಯೋಚನೆ ಇಷ್ಟವಾದದ್ದೇ ಇದಕ್ಕಾಗಿ.

ಹಾಗಾಗಿ ಹತ್ತು ಮನೆ ಆರಿಸುವಾಗ ಕಾಫಿತೋಟದ ಕೂಲಿ ಲೈನುಗಳಲ್ಲಿರುವವರನ್ನು ಮರೆಯಬೇಡಿ. ನಮ್ಮ ಊರುಗಳಲ್ಲಿ ಸೊಪ್ಪು ತರಕಾರಿಗೆ ಎಲ್ಲರಿಗಿಂತ ಹೆಚ್ಚು ಕಷ್ಟಪಡುವವರು ಅವರು. ಸ್ವಂತ ಹಿತ್ತಲಿಲ್ಲ, ಸಂತೆಯ ದಿನ ತಂದದ್ದೇ ವಾರವೆಲ್ಲ. ಈಗ ಅಸ್ಸಾಂ, ಬಂಗಾಳದ ಕಡೆಯಿಂದ ಬಂದ ಸಂಸಾರಗಳೂ ಇವೆ. ಅವರಲ್ಲಿ ನಮಗಿಂತ ಚೆನ್ನಾಗಿ ಬೇಸಾಯ ಬಲ್ಲವರು ಎಷ್ಟೋ ಜನ. ಭಾಷೆ ಬಾರದು ಎಂದು ದೂರ ಇಡಬೇಡಿ, ಚಪ್ಪರ ಕಟ್ಟುವುದಕ್ಕೆ ಭಾಷೆ ಬೇಕಿಲ್ಲ. ಆದರೆ ಒಂದು ಎಚ್ಚರ: ಹಗಲೆಲ್ಲ ಕೂಲಿ ಮಾಡಿ ಬಂದವರನ್ನು ಸಂಜೆ ಮತ್ತೆ ನಿಮ್ಮ ಮಡಿಯಲ್ಲಿ ಬಗ್ಗಿಸಿ, ನೀವು ಬದಿಯಲ್ಲಿ ನಿಂತು ಕೈ ತೋರಿಸಿದರೆ ಅದು ಇನ್ನೊಂದು ಎಸ್ಟೇಟು. ಪ್ಲಾಂಟರ ಮಗನೂ ಲೈನಿನ ಹುಡುಗಿಯೂ ಒಂದೇ ಸಾಲಿನಲ್ಲಿ ಕಳೆ ಕೀಳಬೇಕು. ಇದಕ್ಕೆ ಒಪ್ಪದವರನ್ನು ಸೇರಿಸಿಕೊಳ್ಳಲೇಬೇಡಿ.

ಪಾಳು ಭೂಮಿಯನ್ನು ಜನ ಸೇರಿ ಎಬ್ಬಿಸಿದ್ದು ಈಚಿನ ವರ್ಷಗಳಲ್ಲೂ ಇದೆ. ಘಟ್ಟದ ಕೆಳಗೆ ಉಡುಪಿಯಲ್ಲಿ 2021ರಲ್ಲಿ ಹಡಿಲು ಬಿದ್ದ ಗದ್ದೆಗಳಿಗೆ ಸಂಘಸಂಸ್ಥೆಯವರು, ವಿದ್ಯಾರ್ಥಿಗಳು, ಊರವರು ಇಳಿದು ನಾಟಿ ಮಾಡಿದರು. ಬೆಳೆದ ಅಕ್ಕಿ ‘ಉಡುಪಿ ಕೇದಾರ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನಾಟಿಯ ದಿನ ಜನ ಸೇರಿಸುವುದು ಸುಲಭ. ಹಬ್ಬದ ಹಾಗೆ ಇರುತ್ತದೆ, ಫೋಟೋ ತೆಗೆಯುತ್ತಾರೆ. ನಾಟಿಯಾದ ಹದಿನೈದನೆಯ ದಿನ ಯಾರು ಬರುತ್ತಾರೆ ಎಂಬುದು ನಿಮ್ಮ ಪರೀಕ್ಷೆ.

ಭೂಮಿಯ ವಿಷಯ ಮೊದಲೇ ಗಟ್ಟಿ ಮಾಡಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಒತ್ತುವರಿಯ ಮಾತು ಎತ್ತಿದರೆ ಅರ್ಧ ಊರಿಗೆ ನಿದ್ದೆ ಬರುವುದಿಲ್ಲ. ಗೋಮಾಳ, ಅರಣ್ಯ, ಹಳ್ಳದ ದಂಡೆ ಯಾವುದನ್ನೂ ಮುಟ್ಟಬೇಡಿ. ಯಾರದೋ ಸ್ವಂತ ಪಾಳುಗದ್ದೆಯೋ, ಶಾಲೆಯ ಹಿಂದಿನ ಜಾಗವೋ ಆಗಲಿ, ಇಂತಿಷ್ಟು ವರ್ಷ ತರಕಾರಿಗೆ ಬಿಟ್ಟಿದ್ದೇವೆ ಎಂದು ಬರಹದಲ್ಲಿ ಪಡೆಯಿರಿ. ಮೂರು ವರ್ಷಕ್ಕೆ ಕಡಿಮೆ ಬೇಡ. ಮೊದಲ ವರ್ಷದ ಗೊಬ್ಬರ, ಸುಣ್ಣ, ದರಗು ಎಲ್ಲ ಮಣ್ಣು ಎಬ್ಬಿಸುವುದಕ್ಕೇ ಹೋಗುತ್ತದೆ. ಜಡಿಮಳೆಗೆ ಸಾರ ತೊಳೆದುಹೋಗಿ ನಮ್ಮ ಮಣ್ಣಿಗೆ ಹುಳಿ ಏರುತ್ತದೆ, ಕಾಫಿಗೆ ಸುಣ್ಣ ಹಾಕುವ ಹಾಗೆ ತರಕಾರಿಗೂ ಹಾಕಬೇಕು. ಅಷ್ಟೆಲ್ಲ ಮಾಡಿ ಎಬ್ಬಿಸಿದ ಮಣ್ಣನ್ನು ಎರಡನೇ ವರ್ಷ ಧಣಿ ಶುಂಠಿಗೆ ಕೊಟ್ಟುಬಿಟ್ಟರೆ ಆ ಹತ್ತು ಮನೆ ಮತ್ತೆ ಒಂದಾಗುವುದಿಲ್ಲ.

ಇನ್ನು ಕಾಲದ ಮಾತು. ಕೂಡುತೋಟ ಹೇಗೆ ನಡೆಸಬೇಕೆಂದು ಬೆಂಗಳೂರಿನವರೋ ಹೊರದೇಶದವರೋ ಹೇಳಿದ್ದನ್ನು ಇಲ್ಲಿಗೆ ಹಾಗೇ ತಂದರೆ ಆಗದು. ಆಲ್ದೂರಿನ ಯಾವ ಕೆಲಸವೂ ಕಾಫಿಯ ಕಾಲವನ್ನು ಕೇಳದೆ ನಡೆಯುವುದಿಲ್ಲ. ನವೆಂಬರ್ ಕೊನೆಯಿಂದ ಅರೇಬಿಕಾ ಹಣ್ಣು ಕೊಯ್ಲು, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ. ಫೆಬ್ರವರಿ ಮಾರ್ಚಿನವರೆಗೆ ಯಾರ ಕೈಗೂ ಬಿಡುವಿಲ್ಲ, ಕಣದಲ್ಲಿ ಹರಡಿದ ಹಣ್ಣಿಗೆ ರಾತ್ರಿಯೂ ಕಾವಲು. ಆಮೇಲೆ ಹೂಮಳೆ ಬಾರದಿದ್ದರೆ ಹಳ್ಳದ ನೀರೆಲ್ಲ ಸ್ಪ್ರಿಂಕ್ಲರಿಗೆ. ಆ ತಿಂಗಳುಗಳಲ್ಲಿ ಬೀನ್ಸು, ಕೋಸು, ಟೊಮೆಟೊ ಎಂದು ದೊಡ್ಡ ಆಸೆ ಇಟ್ಟರೆ ದುಡಿಯುವವರು ಸಿಗುವುದಿಲ್ಲ, ನೀರೂ ಸಿಗುವುದಿಲ್ಲ, ಬಾರದವರ ಮೇಲೆ ಕೋಪ ಮಾತ್ರ ಬೆಳೆಯುತ್ತದೆ. ನಮ್ಮ ತೋಟಕ್ಕೆ ಸರಿಯಾದ ಕಾಲ ಭರಣಿ ಮಳೆಯಿಂದ ದೀಪಾವಳಿಯವರೆಗೆ. ಕೊಯ್ಲಿನ ತಿಂಗಳುಗಳಲ್ಲಿ ತೊಂಡೆ, ಬಸಳೆ, ಸೀಮೆಬದನೆಯಂಥ ತಾವೇ ಹಬ್ಬಿಕೊಂಡಿರುವ ಬಳ್ಳಿ ಇರಲಿ. ಅವಕ್ಕೆ ನೀರು ಹಾಕಲು ಇಬ್ಬರು ಸಾಕು.

ಮಳೆಗಾಲದಲ್ಲಿ ಏನು ಹಾಕಬೇಕು ಎನ್ನುವುದಕ್ಕೆ ನಿಮ್ಮ ಅಜ್ಜಿಯರನ್ನು ಕೇಳಿ, ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಮುಂಗಾರು ಪೂರ್ವದ ಎರಡು ಮಳೆ ಬಿದ್ದು ಮಣ್ಣು ಹದವಾದಾಗ ಸೌತೆ, ಮೊಗೆಸೌತೆ, ಹೀರೆ, ಪಡವಲ, ಬೆಂಡೆ, ಹರಿವೆ, ಕುಂಬಳ. ಮಡಿ ಎತ್ತರವಾಗಿರಲಿ. ಆರಿದ್ರಾ ಮಳೆಗೆ ನೀರು ನಿಂತರೆ ಬುಡ ಕೊಳೆತುಹೋಗುತ್ತದೆ. ಸಿಂಬಳದ ಹುಳುವಿಗೆ ಬೂದಿ ಚೆಲ್ಲಿ, ರಾತ್ರಿ ಬ್ಯಾಟರಿ ಹಿಡಿದು ಹೆಕ್ಕುವುದಕ್ಕೂ ಸರದಿ ಹಾಕಿಕೊಳ್ಳಿ. ಯಾರಿಗೂ ಬೇಡವಾದ ಕೆಲಸ ಅದು. ಬೇಡವಾದ ಕೆಲಸ ಒಬ್ಬರ ಪಾಲಿಗೇ ಬಿದ್ದರೆ ಕೂಟ ಉಳಿಯುವುದಿಲ್ಲ. ಬಾಳೆ ಹಾಕುವುದು ಬೇಡ. ಆಲ್ದೂರು, ಮೂಡಿಗೆರೆ ಕಡೆ ಆನೆ ಯಾವ ಬೇಲಿಯನ್ನು ದಾಟಿ ಯಾಕೆ ಬರುತ್ತದೆ ಎಂಬುದು ನಿಮಗೇ ಗೊತ್ತು. ಬೆಳಕು ಹರಿಯುವ ಮುಂಚೆ, ಮಬ್ಬಾದ ಮೇಲೆ ಒಬ್ಬೊಬ್ಬರೇ ತೋಟಕ್ಕೆ ಹೋಗಬಾರದು. ಅರಣ್ಯ ಇಲಾಖೆಯವರು ಆನೆ ಇದೆ ಎಂದ ದಿನ ಸರದಿ ರದ್ದು. ಒಂದು ಬುಟ್ಟಿ ಬೆಂಡೆಗಿಂತ ಜೀವ ದೊಡ್ಡದು.

ಈಗ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಎರಡು ಬಗೆಯ ಪುಸ್ತಕ ನೀವು ನೋಡಿದ್ದೀರಿ. ಒಂದು ಎಸ್ಟೇಟಿನ ಚೆಕ್‌ರೋಲ್. ಬೆಳಗ್ಗೆ ಹೆಸರು ಕೂಗಿ, ಬಂದವರಿಗೆ ಗುರುತು ಹಾಕಿ, ವಾರದ ಕೊನೆಗೆ ಕೂಲಿ ಎಣಿಸುವ ಪುಸ್ತಕ. ಇನ್ನೊಂದು ಮಳೆಯ ಪುಸ್ತಕ. ಬಹಳ ಮನೆಗಳಲ್ಲಿ ಅಜ್ಜನ ಕಾಲದಿಂದ ಇವತ್ತಿನವರೆಗೆ ದಿನಾ ಬೆಳಗ್ಗೆ ಮಳೆಮಾಪಕ ನೋಡಿ ಎಷ್ಟು ಇಂಚು, ಎಷ್ಟು ಸೆಂಟು ಎಂದು ಬರೆದಿಟ್ಟಿದ್ದಾರೆ. ನಿಮ್ಮ ತೋಟದ ಪುಸ್ತಕ ಎರಡನೆಯದರ ಹಾಗಿರಲಿ. ಯಾರ ಮೇಲೂ ಅಧಿಕಾರ ನಡೆಸುವುದಕ್ಕಲ್ಲದೆ, ಆದದ್ದನ್ನು ಆದಂತೆ ಬರೆದಿಡುವುದಕ್ಕೆ: ಇವತ್ತು ಯಾರು ಬಂದರು, ಏನು ಮಾಡಿದರು, ಎಷ್ಟು ಕಾಯಿ ಕಿತ್ತರು, ಯಾರಿಗೆ ಹೋಯಿತು. ಬರೆಯುವವರು ತಿಂಗಳಿಗೊಬ್ಬರು ಬದಲಾಗಲಿ. ಪುಸ್ತಕ ತೋಟದ ಚಪ್ಪರದಲ್ಲೇ ನೇತಾಡಲಿ, ಯಾರ ಮನೆಯ ಬೀರುವಿನಲ್ಲೂ ಬೇಡ. ಮೊಬೈಲಿನಲ್ಲಿ ಬರೆದರೆ ಆಗದೇ ಎಂದು ಕೇಳುತ್ತೀರಿ. ಆಗುತ್ತದೆ, ಆದರೆ ಮೊಬೈಲು ಇಲ್ಲದ ಅಜ್ಜಿಗೆ, ನೆಟ್‌ವರ್ಕ್ ಸಿಗದ ಲೈನಿಗೆ ಅದು ಮುಚ್ಚಿದ ಪುಸ್ತಕ.

ಪುಸ್ತಕ ಇಟ್ಟ ಮೇಲೆ ಗಂಟೆಗೆ ತೂಗಿ ಕಾಯಿ ಹಂಚಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಓದಿದ ಮಕ್ಕಳಿಗೆ ಮೊದಲು ಹೊಳೆಯುವ ನ್ಯಾಯ ಇದೇ. ಇಷ್ಟು ಗಂಟೆ ದುಡಿದವರಿಗೆ ಇಷ್ಟು ಕೆಜಿ ಎನ್ನುವುದು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಇಪ್ಪತ್ತೆರಡು ವರ್ಷದ ಹುಡುಗ ಒಂದು ಗಂಟೆಯಲ್ಲಿ ಎರಡು ಮಡಿ ಅಗೆಯುತ್ತಾನೆ. ಎದೆಹಾಲಿನ ಮಗು ಇರುವ ತಾಯಿ ಅರ್ಧ ಗಂಟೆಗೊಮ್ಮೆ ಏಳಬೇಕು. ಮಂಡಿನೋವಿನ ಮುದುಕಿ ಬಗ್ಗಲಾರಳು, ಆದರೆ ಬಳ್ಳಿಯ ಕಾಯಿ ನೋಡಿದ ಕೂಡಲೇ ಅದಕ್ಕೆ ನೊಣ ಹೊಡೆದಿದೆ ಎಂದು ಹೇಳಬಲ್ಲಳು. ಇವರನ್ನೆಲ್ಲ ಗಂಟೆಯಲ್ಲಿ ತೂಗಿದರೆ ತೋಟ ಬಲವಿದ್ದವರದಾಗುತ್ತದೆ. ಮುಯ್ಯಾಳಿನ ನ್ಯಾಯ ಬೇರೆ: ದಿನಕ್ಕೆ ದಿನ. ತನ್ನ ಸರದಿಗೆ ಬಂದು ತನ್ನ ಕೈಲಾದದ್ದನ್ನು ಮಾಡಿದವರೆಲ್ಲ ಆ ವಾರ ಸಮ. ಸರದಿ ತಪ್ಪಿಸಿದವರಿಗೆ, ಬದಲಿ ಜನರನ್ನೂ ಕಳಿಸದವರಿಗೆ ಆ ವಾರ ಪಾಲಿಲ್ಲ, ಮುಂದಿನ ವಾರ ಬಂದರೆ ಮತ್ತೆ ಸಮ. ಹಳೆಯ ಬಾಕಿ ಎಂದು ಎಳೆದಾಡುವುದು ಬೇಡ. ಹೆರಿಗೆಯಾದ, ಕಾಯಿಲೆಯ, ಸಾವಿನ ಮನೆಗಳಿಗೆ ದುಡಿಯದಿದ್ದರೂ ಪಾಲು ಹೋಗಬೇಕು. ಕೊಡುವಾಗ ಇದು ದಾನ ಎಂಬ ಭಾವ ನಿಮ್ಮ ಮುಖದಲ್ಲಿ ಕಾಣಬಾರದು.

ಎಷ್ಟು ಸಿಗುತ್ತದೆ ಎನ್ನುವುದನ್ನೂ ಮೊದಲೇ ತಿಳಿದುಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು 2024ರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕು ಎಂದಿದ್ದಾರೆ. ನಾಲ್ಕು ಜನರ ಹತ್ತು ಮನೆಗೆ ದಿನಕ್ಕೆ 16 ಕೆಜಿ, ತಿಂಗಳಿಗೆ 480 ಕೆಜಿ. ಹತ್ತು ಗುಂಟೆಯ ಹೊಸ ತೋಟ ಮೊದಲ ಮಳೆಗಾಲದಲ್ಲಿ ಇಷ್ಟನ್ನು ಕೊಡುವುದಿಲ್ಲ. ಸಂತೆಗೆ ಹೋಗುವುದು ತಪ್ಪುತ್ತದೆ ಎಂದುಕೊಂಡು ಬಂದವರು ಎರಡು ತಿಂಗಳಲ್ಲಿ ಬೇಸರ ಪಡುತ್ತಾರೆ. ಸೊಪ್ಪು, ಸೌತೆ, ಬೆಂಡೆ ನಮ್ಮದು, ಈರುಳ್ಳಿ ಆಲೂಗಡ್ಡೆ ಸಂತೆಯದು ಎಂದು ಮೊದಲ ಸಭೆಯಲ್ಲೇ ಬಿಡಿಸಿ ಹೇಳಿ.

ಪಾಲು ಮಾಡುವುದರಲ್ಲೂ ಎರಡು ಬಗೆ ಇರಬೇಕು. ಹರಿವೆ, ಬಸಳೆ, ಬೆಂಡೆ, ಹೀರೆ ಕಾಯುವುದಿಲ್ಲ. ಬೆಂಡೆಯನ್ನು ಎರಡು ದಿನ ಬಿಟ್ಟರೆ ನಾರು. ಇವನ್ನು ವಾರಕ್ಕೆ ಎರಡು ಬೆಳಗ್ಗೆ, ಗೊತ್ತಾದ ಹೊತ್ತಿಗೆ, ಬಂದವರೆಲ್ಲ ಸೇರಿ ಕಿತ್ತು ಅಲ್ಲೇ ಗುಡ್ಡೆ ಹಾಕಿ ಹಂಚಿ. ಗುಡ್ಡೆ ಮಾಡಿದವರು ಕೊನೆಗೆ ಎತ್ತಿಕೊಳ್ಳಲಿ. ಗುಡ್ಡೆಗಳು ತಾವಾಗಿಯೇ ಸಮವಾಗುತ್ತವೆ. ಸರದಿಯಿಲ್ಲದ ದಿನ ಒಬ್ಬರೇ ಹೋಗಿ ಎರಡು ಕಾಯಿ ಕಿತ್ತುಕೊಂಡು ಬರುವುದು, ಎಷ್ಟೇ ತುರ್ತಾದರೂ, ಬೇಡ. ಮೊಗೆಸೌತೆ, ಬೂದುಗುಂಬಳ, ಸಿಹಿಗುಂಬಳ, ಸುವರ್ಣಗಡ್ಡೆಯ ಮಾತು ಬೇರೆ. ಮೊಗೆಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತೆಗೆ ನೇತುಹಾಕಿದರೆ ಬೇಸಿಗೆಯವರೆಗೂ ಇರುತ್ತದೆ ಎಂಬುದು ನಮ್ಮ ಮನೆಗಳಿಗೆ ಗೊತ್ತಿದ್ದ ವಿದ್ಯೆ. ಇವನ್ನೆಲ್ಲ ಹಂಗಾಮು ಮುಗಿದ ಮೇಲೆ ಒಂದೇ ದಿನ ಎಣಿಸಿ ಹಂಚಿ. ಮಳೆಗಾಲದಲ್ಲಿ ಹೆಚ್ಚು ದುಡಿದು, ಮಧ್ಯೆ ಊರು ಬಿಟ್ಟು ಹೋಗಬೇಕಾದವರಿಗೂ ಆ ದಿನ ಪಾಲು ಇಡಬೇಕು. ಹಂಚುವ ಮೊದಲು ಒಂದು ಗುಡ್ಡೆ ಅಂಗನವಾಡಿಗೂ ಶಾಲೆಯ ಬಿಸಿಯೂಟಕ್ಕೂ. ಅದು ಉಳಿದದ್ದರಲ್ಲಿ ಆಗಬಾರದು, ಮೊದಲ ಗುಡ್ಡೆಯೇ ಅವರದಾಗಬೇಕು.

ಅದಕ್ಕೂ ಮೊದಲಿನದು ಬೀಜ. ಚೆನ್ನಾಗಿರುವುದನ್ನೆಲ್ಲ ತಿಂದು, ಕೊನೆಗೆ ಬಳ್ಳಿಯಲ್ಲಿ ಸೊಟ್ಟಗೆ ಉಳಿದ ಕಾಯಿಯನ್ನು ಬೀಜಕ್ಕೆ ಬಿಡುವವರನ್ನು ನಾನು ಬಹಳ ನೋಡಿದ್ದೇನೆ. ಎರಡು ಮೂರು ವರ್ಷದಲ್ಲಿ ತಳಿಯೇ ಕೆಡುತ್ತದೆ. ಒಳ್ಳೆಯ ಬಳ್ಳಿಯ ಒಳ್ಳೆಯ ಕಾಯಿಗೆ ಬಣ್ಣದ ಬಟ್ಟೆಚೂರು ಕಟ್ಟಿ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಹಣ್ಣಾದ ಮೇಲೆ ಬೀಜ ತೆಗೆದು, ಬೂದಿ ಹಚ್ಚಿ ಒಣಗಿಸಿ, ಒಂದೇ ಮನೆಯಲ್ಲಿ ಇಡದೆ ಮೂರು ಮನೆಯಲ್ಲಿ ಇಡಿ. ಒಂದರಲ್ಲಿ ಹುಳ ಬಿದ್ದರೆ ಇನ್ನೊಂದರಲ್ಲಿ ಇರುತ್ತದೆ. ಶಿರಸಿಯಲ್ಲಿ ‘ವನಸ್ತ್ರೀ’ ಎಂಬ ಹೆಂಗಸರ ಬಳಗ 2001ರಿಂದ ಇದೇ ಕೆಲಸ ಮಾಡುತ್ತಿದೆ. ಸುನೀತಾ ರಾವ್ ಅವರು ಶುರುಮಾಡಿದ್ದು. ಮಲೆನಾಡಿನ ಹಿತ್ತಲುಗಳ ಸೌತೆ, ಬೆಂಡೆ, ಅವರೆ, ಹರಿವೆಯ ಬೀಜಗಳನ್ನು ಮನೆಯಿಂದ ಮನೆಗೆ ದಾಟಿಸಿ ಉಳಿಸಿದ್ದಾರೆ, ಮಲೆನಾಡ ಮೇಳ ಎಂದು ನಡೆಸಿ ಬೀಜ ಬದಲಾಯಿಸಿಕೊಳ್ಳುತ್ತಾರೆ. ನೀವು ನಾಲ್ಕು ಜನ ಒಮ್ಮೆ ಹೋಗಿ ನೋಡಿ ಬನ್ನಿ. ಕೈಯಲ್ಲಿ ನಮ್ಮೂರಿನ ಬೀಜ ಹಿಡಿದೇ ಹೋಗಿ, ಬರಿಗೈ ಬೇಡ.

ಮಾರಾಟದ ಮಾತು ಬಂದರೆ ನಮ್ಮ ಕಾಫಿಯ ಕಥೆ ನೆನಪಿಡಿ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೇಳುವವರಿಲ್ಲದಾದಾಗ ಸರ್ಕಾರ ಪೂಲ್ ವ್ಯವಸ್ಥೆ ತಂದಿತು, 1942ರಲ್ಲಿ ಅದಕ್ಕೆ ಕಾಯ್ದೆಯೂ ಆಯಿತು. ಎಲ್ಲ ಬೆಳೆಗಾರರೂ ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು, ಮಂಡಳಿ ಒಟ್ಟಿಗೆ ಮಾರಿ ಹಣ ಹಂಚಬೇಕು. ಸಣ್ಣ ಬೆಳೆಗಾರರು ಆ ಕೆಟ್ಟ ಕಾಲದಲ್ಲಿ ಉಳಿದದ್ದು ಅದರಿಂದ; ಅದನ್ನು ಮರೆಯಬಾರದು. ಆದರೆ ಹಣ ಕಂತು ಕಂತಾಗಿ ಬರುತ್ತಿತ್ತು, ಈ ವರ್ಷ ಕೊಟ್ಟ ಕಾಫಿಯ ಕೊನೆಯ ಕಂತು ಯಾವಾಗ ಎಂದು ಬೆಳೆದವನಿಗೆ ತಿಳಿಯುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಪೂಲು ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಎಲ್ಲರಿಗೂ ಮುಕ್ತ ಮಾರಾಟ ಬಂದಾಗ ನಮ್ಮ ಕಡೆ ಬಹಳ ಜನ ನಿಟ್ಟುಸಿರು ಬಿಟ್ಟರು. ಒಟ್ಟಿಗೆ ಹಾಕುವುದನ್ನು ಜನ ದ್ವೇಷಿಸಿದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ತನ್ನ ಪಾಲು ಎಷ್ಟು, ಯಾವಾಗ ಎಂಬುದು ಕಣ್ಣಿಗೆ ಕಾಣದೆ ಹೋದಾಗ ಬೇಸತ್ತರು. ಹತ್ತು ಮನೆಯ ತೋಟಕ್ಕೂ ಇದು ಸಲ್ಲುತ್ತದೆ. ಹೆಚ್ಚಾದ ತರಕಾರಿಯನ್ನು ಮಾರಿದರೆ ಆ ದಿನವೇ ಮೊತ್ತ ಪುಸ್ತಕದಲ್ಲಿ ಬರಬೇಕು. ಆ ಹಣವನ್ನು ಮನೆಮನೆಗೆ ಹಂಚದೆ ಸುಣ್ಣಕ್ಕೆ, ಬೇಲಿಗೆ, ಹಾರೆ ಗುದ್ದಲಿಗೆ ಇಡಿ.

ಜಗಳ ಆಗಿಯೇ ಆಗುತ್ತದೆ. ಆಗಬಾರದು ಎಂದು ನಾನು ಹಾರೈಸುವುದಿಲ್ಲ. ಆದಾಗ ಎಲ್ಲಿ, ಯಾವತ್ತು ಕೂತು ಮಾತಾಡುತ್ತೀರಿ ಎಂಬುದನ್ನು ಈಗಲೇ ಗೊತ್ತುಮಾಡಿ. ಸ್ಪೇನಿನ ವಲೆನ್ಸಿಯಾ ಎಂಬ ಊರಿನಲ್ಲಿ ಕಾಲುವೆ ನೀರಿನ ರೈತರು ನೂರಾರು ವರ್ಷಗಳಿಂದ ಪ್ರತಿ ಗುರುವಾರ ಮಧ್ಯಾಹ್ನ ದೊಡ್ಡ ಇಗರ್ಜಿಯ ಬಾಗಿಲ ಮುಂದೆ ಸೇರಿ, ತಮ್ಮ ನೀರಿನ ತಂಟೆಗಳನ್ನು ತಾವೇ ಬಾಯಿಮಾತಿನಲ್ಲಿ ಬಗೆಹರಿಸಿಕೊಳ್ಳುತ್ತಾರೆ. ವಕೀಲರಿಲ್ಲ, ಕಾಗದವಿಲ್ಲ, ಸುತ್ತ ಜನ ನಿಂತು ಕೇಳುತ್ತಾರೆ. ಇಂಥ ಕೂಟಗಳನ್ನು ಜಗತ್ತಿನಾದ್ಯಂತ ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಎಂಬಾಕೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಬಹುಮಾನ ಪಡೆದ ಮೊದಲ ಹೆಂಗಸು. ಯಾರು ಒಳಗೆ ಯಾರು ಹೊರಗೆ ಎಂಬುದು ಸ್ಪಷ್ಟವಿರಬೇಕು, ಕಟ್ಟಳೆಯನ್ನು ಪಾಲಿಸುವವರೇ ಕಟ್ಟಳೆ ಮಾಡಬೇಕು, ತಪ್ಪಿದವರಿಗೆ ಶಿಕ್ಷೆ ಮೊದಲು ಸಣ್ಣದಿರಬೇಕು ಎಂದು ಆಕೆ ಕಂಡುಕೊಂಡರು. ಓದಿದಾಗ ನನಗೆ ನೆನಪಾದದ್ದು ಆಳು ತಿರುಗಿಸದವನ ಗದ್ದೆಗೆ ಕೊನೆಗೆ ಹೋಗುತ್ತಿದ್ದ ನಮ್ಮವರು. ನಮ್ಮ ರಾಜ್ಯದಲ್ಲೇ ಕುಮಟಾ ತಾಲ್ಲೂಕಿನ ಹಳಕಾರದ ಜನ 1920ರ ದಶಕದಿಂದ ತಮ್ಮದೇ ಗ್ರಾಮ ಅರಣ್ಯ ಪಂಚಾಯಿತಿ ಕಟ್ಟಿಕೊಂಡು ಊರ ಕಾಡನ್ನು ಕಾದುಕೊಂಡಿದ್ದಾರೆ. ಆ ಊರವರಿಂದ ಆಗಿದೆ, ಹತ್ತು ಗುಂಟೆ ನಿಮ್ಮಿಂದ ಆಗುತ್ತದೆ.

ಬೈದಾಡಿಕೊಂಡ ಮೇಲೆ ಮಾತು ಬಿಡಬೇಡಿ. ವಾಟ್ಸಾಪ್ ಗುಂಪಿನಲ್ಲಿ ಚುಚ್ಚಿ ಬರೆಯಬೇಡಿ. ತಿಂಗಳಿಗೊಮ್ಮೆ ಚಪ್ಪರದ ಕೆಳಗೆ ಕೂತು, ಪುಸ್ತಕ ಬಿಚ್ಚಿ, ಎದುರಿಗೆ ಹೇಳಿ. ಬಾರದವನ ಮನೆಯಲ್ಲಿ ಏನಾಗಿದೆ ಎಂದು ಮೊದಲು ವಿಚಾರಿಸಿ, ತಪ್ಪು ಆಮೇಲೆ ಎಣಿಸಿ. ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆ ಹೇಳುತ್ತೇನೆ: ಮಡಿ ನಿಮ್ಮದು, ಸಭೆ ಗಂಡಸರದು ಎಂಬಂತೆ ಆಗಲು ಬಿಡಬೇಡಿ. ನಾಟಿಯ ಲೆಕ್ಕ ನೆನಪಿಟ್ಟವರು ನಿಮ್ಮ ಅಜ್ಜಿಯರು. ತೋಟದ ಪುಸ್ತಕ ಮೊದಲ ತಿಂಗಳು ನಿಮ್ಮಲ್ಲೊಬ್ಬಳ ಕೈಯಲ್ಲಿರಲಿ.

ಭರಣಿ ಮಳೆಗೆ ಇನ್ನೂ ಸಮಯವಿದೆ. ಬೀಜ ಕೇಳಿಕೊಂಡು ನನ್ನ ಮನೆಗೆ ಬರುವ ಮೊದಲು ಹತ್ತು ಮನೆಯವರೂ ಒಂದು ಸಂಜೆ ಕೂತು, ಯಾರು ಯಾವ ದಿನ ಬರುತ್ತಾರೆ, ಬರಲಾಗದಿದ್ದರೆ ಯಾರನ್ನು ಕಳಿಸುತ್ತಾರೆ, ಹುಳು ಹೆಕ್ಕುವುದು ಯಾರ ಸರದಿ ಎಂದು ಬರೆದುಕೊಳ್ಳಿ. ಎಲ್ಲರ ಸಹಿ, ಸಹಿ ಬಾರದವರ ಹೆಬ್ಬೆಟ್ಟು ಅದರಲ್ಲಿರಲಿ. ಆ ಹಾಳೆ ತಂದು ತೋರಿಸಿದ ದಿನ ಮೊಗೆಸೌತೆ, ಹೀರೆ, ಕೆಂಪು ಹರಿವೆಯ ಬೀಜ ನನ್ನ ಹತ್ತಿರ ಇರುವುದನ್ನೆಲ್ಲ ಕೊಡುತ್ತೇನೆ.